ದೀಪ ನೋಡುವ ಹೊತ್ತು

ಲಕ್ಷ್ಮಯ್ಯನ ಚಟ್ಟಕ್ಕೆ ಮೂವರೇ ಸಿಕ್ಕಿದ್ದರು; ಹಿಂದಿನ ಕೊನೆಗೆ ಹೆಗಲು ಕೊಡಲು ಯಾರೂ ಮುಂದೆ ಬರಲಿಲ್ಲ. ದೊಡ್ಡಮುನಿಯಪ್ಪ ತನ್ನ ಎಲೆಯಡಿಕೆ ಸಂಚಿಯನ್ನು ಗುಡಿಸಲಿನ ಗೂಟಕ್ಕೆ ನೇತುಹಾಕಿ, ಹೆಗಲ ಮೇಲೆ ವಸ್ತ್ರ ಮಡಿಸಿಟ್ಟುಕೊಂಡು ಬಗ್ಗಿದ.

“ನೀನು ಬ್ಯಾಡ ಕಣಣ್ಣ,” ಅಪ್ಪಯ್ಯಣ್ಣ ತಡೆದ. “ನಾವು ಮೂವರೂ ಪ್ಲೇಗಿನ ಸೂಜಿ ಹಾಕಿಸ್ಕೊಂಡಿದೀವಿ. ನೀನು ಹಾಕಿಸ್ಕೊಂಡಿಲ್ಲ.”

“ಎತ್ರಪ್ಪಾ.”

“ಸ್ನೇಹ ಅಂದ್ರೆ ಇದು ನೋಡ್ರಿ,” ಹಿಂದೆ ಯಾರೋ ಅಂದರು. ದೊಡ್ಡಮುನಿಯಪ್ಪ ಕತ್ತು ತಗ್ಗಿಸಿದ.

ಊರಲ್ಲಿ ಇಲಿ ಬಿದ್ದು ಇಪ್ಪತ್ತು ದಿನವಾಗಿತ್ತು. ದೊಡ್ಡಬೆಳವಂಗಲದ ಮಗ್ಗುಲಿನ ಆ ಹಳ್ಳಿಯವರೆಲ್ಲ ಮನೆಗಳಿಗೆ ಬೀಗ ಹಾಕಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಪ್ಲೇಗಿಗೆ ಹೋದವರಲ್ಲಿ ಲಕ್ಷ್ಮಯ್ಯ ಮೂರನೆಯವನು. ಕಂಕುಳಲ್ಲಿ ಗಡ್ಡೆ ಎದ್ದ ನಾಲ್ಕನೇ ದಿನಕ್ಕೆ ಎಲ್ಲ ಮುಗಿದಿತ್ತು. ತಮಟೆಯವರೂ ಬರಲಿಲ್ಲ. ಚಟ್ಟ ಪಾಳುಬಿದ್ದಂತಿದ್ದ ಬೀದಿಯಲ್ಲಿ ಸಾಗುವಾಗ ಆಂಜನೇಯನ ಗುಡಿಯ ಜಗಲಿ ಕಂಡಿತು. ದೊಡ್ಡಮುನಿಯಪ್ಪ ಆ ಕಡೆ ನೋಡಲಿಲ್ಲ.

*

ಮೂವತ್ತು ವರ್ಷ ಅವರಿಬ್ಬರೂ ಕೂತ ಜಗಲಿ ಅದು. ಶನಿವಾರ ಲಕ್ಷ್ಮಯ್ಯ ರಾಗವಾಗಿ ಭಾರತ ಓದುವನು. ಓದು ಮುಗಿದ ಮೇಲೆ ಇಬ್ಬರೂ ಎಲೆಯಡಿಕೆ ಹಾಕಿಕೊಂಡು ಲೋಕವನ್ನು ಜರಡಿ ಹಿಡಿಯುವರು.

“ಕಾಂಗ್ರೆಸ್ನೋರು ಬಂದ್ರೆ ಎಲ್ಲಾ ಸರಿಹೋಯ್ತದಂತೆ ಕಣ್ಲಾ,” ಲಕ್ಷ್ಮಯ್ಯ ಅನ್ನುವನು.

“ಹೂಂ. ಪಟೇಲ ಈಗ ರುಮಾಲು ಸುತ್ಕೊಂಡು ಬಂದು ರಾಗಿ ಅಳೆಸ್ಕೊಂಡು ಹೋಗ್ತಾನೆ. ಆಗ ಬಿಳೀ ಟೋಪಿ ಇಕ್ಕೊಂಡು ಬತ್ತಾನೆ.”

“ಜರ್ಮನಿಯೋನು ಸೋಲ್ತಾವನಂತೆ?”

“ಹಂಗಂತ ಹೇಳ್ದೋರ್ಯಾರು? ಅವನ ಎದುರು ಪಾರ್ಟಿಯೋರೇ ತಾನೆ!”

ಲಕ್ಷ್ಮಯ್ಯ ಕೆಮ್ಮು ಬರುವಷ್ಟು ನಗುತ್ತಿದ್ದ. ಭಾರತವನ್ನು ನಂಬಿದಷ್ಟೇ ಗೆಳೆಯನ ಮಾತನ್ನೂ ನಂಬಿದವನು.

“ಸೂಜಿ ಹಾಕೋರು ಬಂದವ್ರೆ. ಏನ್ಲಾ ಮಾಡಾನ?” ಎಂದು ಅವನು ಕೇಳಿದ್ದೂ ಅಲ್ಲೇ.

“ದಂಡಿಗೆ ಸೇರದಿರೋರ್ನ ಮನೇಲೇ ಮುಗ್ಸೋ ಉಪಾಯ ಅದು. ಚೆನ್ನಾಗಿರೋನಿಗೆ ಜ್ವರ ಬರ್ಸೋದು ಯಾವ ಸೀಮೆ ಮದ್ದು, ಹೋಗ್ಲಾ!”

ದೊಡ್ಡಮುನಿಯಪ್ಪ ಬಾಯಿಚಪಲಕ್ಕೆ ಆಡಿದ ಮಾತು; ಲಕ್ಷ್ಮಯ್ಯ ಅದನ್ನೇ ನಂಬಿ ಸೂಜಿ ಬೇಡವೆಂದ. ಮುಂದಿನ ವಾರ ದೊಡ್ಡಬಳ್ಳಾಪುರದ ಸಂತೆಗೆ ಹೋರಿ ಹೊಡೆದುಕೊಂಡು ಹೋದಾಗ, ಸೂಜಿಯ ಚೀಟಿ ಇಲ್ಲದವರನ್ನು ಒಳಗೆ ಬಿಡಲಿಲ್ಲ. ದೊಡ್ಡಮುನಿಯಪ್ಪ ತೋಳು ಕೊಟ್ಟ. ರಾತ್ರಿ ಬಂದ ಜ್ವರವನ್ನು ಬಿಸಿಲ ತಲೆಗೆ ಕಟ್ಟಿದ. ಲಕ್ಷ್ಮಯ್ಯ ಕೇಳಿದರೆ ಊರೆಲ್ಲ ಹೇಳಿಕೊಂಡು ನಗುತ್ತಾನೆ, ನಾಳೆ ಹೇಳಿದರಾಯಿತು ಎಂದುಕೊಂಡ. ನಾಳೆ ನಾಳೆ ಎನ್ನುವಷ್ಟರಲ್ಲಿ ಲಕ್ಷ್ಮಯ್ಯ ಮಲಗಿದ.

*

ಮಣ್ಣು ಮಾಡಿ, ಕೆರೆಯಲ್ಲಿ ಮುಳುಗಿ, ಪದ್ಧತಿಯಂತೆ ದೀಪ ನೋಡಲು ಗುಡಿಸಲಿಗೆ ಬಂದರು. ಹೆಣ ಮಲಗಿಸಿದ್ದ ಜಾಗದಲ್ಲಿ ಹಣತೆ ಉರಿಯುತ್ತಿತ್ತು. ಪಕ್ಕದಲ್ಲಿ ಲಕ್ಷ್ಮಯ್ಯನ ಹೆಂಡತಿ ಅಂಜಿನಮ್ಮ ಆ ಬಿಸಿಲಲ್ಲೂ ಕಂಬಳಿ ಹೊದ್ದು ಕೂತಿದ್ದಳು. ಪ್ಲೇಗಿನ ಡಾಕ್ಟರು ಸೂಜಿ ಹಿಡಿದು ಬಾಗಿಲಲ್ಲೇ ನಿಂತಿದ್ದರು.

“ಈಯಮ್ಮನಿಗೆ ನೀವಾದರೂ ಹೇಳ್ರಪ್ಪ.”

“ಅವ್ರಿಗೆ ಬ್ಯಾಡವಾದ್ದು ನಂಗ್ಯಾಕೆ?” ಎಂದಳು ಅಂಜಿನಮ್ಮ. “ಮುನಿಯಪ್ಪಣ್ಣ ಹಾಕಿಸ್ಕೊಂಡವ್ರಾ? ಗುಂಡುಕಲ್ಲಿನಂಗೆ ನಿಂತಿಲ್ವಾ?”

ಈಗ ಬಾಯಿ ಬಿಡದಿದ್ದರೆ ಇವಳೂ ಹೋಗುತ್ತಾಳೆ. ದೊಡ್ಡಮುನಿಯಪ್ಪನ ಒದ್ದೆ ಪಂಚೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

“ಹಾಕಿಸ್ಕೊಂಡಿದೀನಿ ಕಣವ್ವ.”

ಅಪ್ಪಯ್ಯಣ್ಣ ತಿರುಗಿ ನೋಡಿದ.

“ಸಂತೆ ದಿನ. ಅವನಿಗೆ ಹೇಳ್ಲಿಲ್ಲ. ನನ್ನ ಬಾಯಿಗೆ ಮಣ್ಣು ಬೀಳ. ದಮ್ಮಯ್ಯ ಅಂತೀನಿ, ನೀನು ಹಾಕಿಸ್ಕೊ.” ಗೂಟದ ಸಂಚಿಯಿಂದ ಚೀಟಿ ತೆಗೆದು ಚಾಚಿದ.

“ಹೌದಮ್ಮ, ನಮ್ಮ ಚೀಟಿಯೇ,” ಎಂದರು ಡಾಕ್ಟರು.

ಅಂಜಿನಮ್ಮನ ಮುಖದಲ್ಲಿ ನಗುವಿನಂಥದ್ದೇನೋ ಸುಳಿಯಿತು. “ನನ್ನ ಒಪ್ಸೋಕೆ ಎಷ್ಟು ಕಷ್ಟಪಡ್ತೀಯಣ್ಣ! ಒಂದು ಕೋಳಿ ಕೊಟ್ರೆ ಸೂಜಿ ಇಲ್ದೇನೇ ಚೀಟಿ ಬರ್ಕೊಡ್ತಾರೆ ಅಂತ ನೀನೇ ಅಂದ್ಯಂತೆ. ಮನೇಗೆ ಬಂದು ಹೇಳ್ಕೊಂಡು ನಕ್ಕಿದ್ದೇ ನಕ್ಕಿದ್ದು, ಅವ್ರು.”

“ಅವ್ವಾ, ದೇವ್ರಾಣೆಗೂ...”

“ದೀಪ ನೋಡಿದ್ರಲ್ಲ. ಹೊರಡ್ರಪ್ಪ.”

ಬತ್ತಿ ಕುಂದುತ್ತಿತ್ತು. ಎಣ್ಣೆ ಹಾಕಲು ಅವಳು ಬಲಗೈ ಚಾಚಿ, ತಟ್ಟನೆ ಹಲ್ಲು ಕಚ್ಚಿ, ಗಿಂಡಿಯನ್ನು ಎಡಗೈಗೆ ಬದಲಾಯಿಸಿಕೊಂಡಳು. ಬಲದೋಳು ಕಂಕುಳಿಗೆ ತಾಗದಂತೆ, ಅಲ್ಲೊಂದು ಕೊಡ ಇರುಕಿದಂತೆ, ಮೈಯಿಂದ ದೂರವೇ ನಿಂತಿತ್ತು.

ಡಾಕ್ಟರು ಕೈಯಲ್ಲಿದ್ದ ಸೂಜಿಯನ್ನು ಮೆಲ್ಲಗೆ ಪೆಟ್ಟಿಗೆಯಲ್ಲಿ ಇಟ್ಟರು.