ಮೂರರಲ್ಲಿ ಎರಡು ಪಾಲು

ಬಸ್ಸು ಹೊರಡುವುದು ಹತ್ತಕ್ಕೆ. ಒಂಬತ್ತು ಹೊಡೆದರೂ ಪ್ರೇಮಕುಮಾರಿಯ ಟ್ರಂಕು ಇನ್ನೂ ತಾತನ ಕುರ್ಚಿಯ ಕೆಳಗೇ ಇತ್ತು. ತಾತ, ಅರಕಲಗೂಡಿನ ಜವಳಿ ವ್ಯಾಪಾರಿ ಪರಮಶಿವಯ್ಯನವರು, ಅದಕ್ಕೆ ಹಿಮ್ಮಡಿ ಒತ್ತಿಕೊಂಡು ಕೂತಿದ್ದರು. ಅಂಗಡಿಗೂ ಹೋಗಿಲ್ಲ ಮಹಾರಾಯರು!

ಹಾಸನದಲ್ಲಿ ಮಧ್ಯಾಹ್ನದಿಂದ ಮೂರು ದಿನ ಪರೀಕ್ಷೆ. ಪಾಸಾದರೆ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಕೆಲಸ. ಹೋಗದಿದ್ದರೆ ಚನ್ನರಾಯಪಟ್ಟಣದ ಗಂಡು, ಬರುವ ಸೋಮವಾರವೇ ವೀಳ್ಯಶಾಸ್ತ್ರ. ಅವಳ ತಾಯಿ ನೀಲಾಂಬಿಕೆಯನ್ನೂ ಇದೇ ತಾತ ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಡಿಸಿ ಮದುವೆ ಮಾಡಿದ್ದರು. ಹದಿನಾರಕ್ಕೆ ಹೆರಿಗೆಯಲ್ಲಿ ಹೋದಳು ಆ ತಾಯಿ.

ಹುಡುಗಿ ನಡುಮನೆಯಿಂದ ಹಿತ್ತಿಲಿಗೆ, ಹಿತ್ತಿಲಿಂದ ನಡುಮನೆಗೆ ಎಷ್ಟು ಸಲ ತಿರುಗಿದಳೋ. ಬಾಯಲ್ಲಿ ಮಾತ್ರ ಪಾಠ ನಿಲ್ಲದು. ಅಮೆರಿಕದಲ್ಲಿ ಕಾನೂನು ಮಾಡುವುದು ಕಾಂಗ್ರೆಸ್ಸು, ಅದರೊಳಗೆ ಸೆನೆಟ್ಟು ಒಂದು, ಪ್ರತಿನಿಧಿ ಸಭೆ ಒಂದು, ನಡೆಸುವವನು ಅಧ್ಯಕ್ಷ, ಸರಿಯೋ ತಪ್ಪೋ ತೀರ್ಪು ಹೇಳುವುದು ಸುಪ್ರೀಂ ಕೋರ್ಟು. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ. ಮೂರೂ ಬೇರೆ ಬೇರೆ ಕೈಯಲ್ಲಿರಬೇಕು.

ಈ ಮನೆಯಲ್ಲೋ ಮೂರೂ ಒಂದೇ ಕುರ್ಚಿಯಲ್ಲಿ ಕೂತಿದ್ದವು. ವಯಸ್ಸಿಗೆ ಬಂದ ಹುಡುಗಿ ಊರು ದಾಟಬಾರದೆಂದು ಕಾನೂನು ಮಾಡಿದವರೂ ತಾತ, ಪರೀಕ್ಷೆಗೆ ಅರ್ಜಿ ಹಾಕಿದ್ದು ತಪ್ಪೆಂದು ತೀರ್ಪು ಕೊಟ್ಟವರೂ ತಾತ, ಟ್ರಂಕು ಕಿತ್ತಿಟ್ಟುಕೊಂಡವರೂ ತಾತ. ಅಪೀಲು ಯಾರಿಗೆ ಹಾಕುವುದು, ಗೋಡೆಗಾ? ಅವಳಿಗೆ ಅಳು ಬಂದಿತ್ತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂದಿತ್ತು.

“ಲೇ, ಪೂಜೆಗೆ ಇನ್ನೂ ಇಟ್ಟಿಲ್ವಾ?” ತಾತ ಒಳಕ್ಕೆ ಕೂಗಿದರು. ಕೊರಳ ಲಿಂಗವನ್ನು ಅಂಗೈಗೆ ತೆಗೆದು ಪೂಜೆ ಮಾಡದೆ ಹನಿ ನೀರೂ ಮುಟ್ಟದ ಮನುಷ್ಯ ಅವರು. ಮಣೆ, ವಿಭೂತಿ, ಪತ್ರೆ, ನೀರು, ಎಲ್ಲವನ್ನೂ ಐವತ್ತು ವರ್ಷದಿಂದ ಗಂಗಾಂಬಿಕೆಯಜ್ಜಿಯೇ ಇಡಬೇಕು. ಬೇರೆ ಕೈ ಒಗ್ಗದು.

ಅಜ್ಜಿ ಬರಿಗೈಯಲ್ಲಿ ಬಂದಳು. “ಇವತ್ತು ಇಡಾಕಿಲ್ಲ.”

“ಏನಂದೆ?”

“ಮಗೂನ ಟ್ರಂಕು ಬುಡಿ. ಆಮೇಲೆ ಪೂಜೆ, ಆಮೇಲೆ ಊಟ.”

“ನಾನು ಬ್ಯಾಡ ಅಂದ್ಮೇಲೆ ಮುಗೀತು ಕಣೇ!”

“ಎಲ್ಲಿ ಮುಗೀತು? ಅದಕ್ಕೆ ವೀಟೋ ಅಂತಾರೆ. ಅಮೆರಿಕದ ಅಧ್ಯಕ್ಷನಿಗೂ ಐತೆ. ಆದ್ರೆ ಕಾಂಗ್ರೆಸ್ಸಿನ ಮೂರರಲ್ಲಿ ಎಲ್ಡು ಪಾಲು ಜನ ಬೇಕು ಅಂದ್ಬುಟ್ರೆ ಅವನ ಬ್ಯಾಡ ನಡೆಯಾಕಿಲ್ಲ. ಈ ಮನೇಲಿ ಇರೋರು ಮೂವರು, ಬೇಕು ಅನ್ನೋರು ಇಬ್ಬರು. ಲೆಕ್ಕ ನೀವೇ ಹಾಕ್ಕಳಿ.”

ಪ್ರೇಮಕುಮಾರಿ ನಿಂತಲ್ಲೇ ನಿಂತಳು. ಅಕ್ಷರ ಬಾರದ ಅಜ್ಜಿ! ತಿಂಗಳಿಂದ ಅಜ್ಜಿ ರಾಗಿ ಬೀಸುವಾಗ ಎದುರಿಗೇ ಕೂತು ಪಾಠ ಗಟ್ಟಿ ಮಾಡಿದ್ದಳು. ಕಲ್ಲಿನ ಸದ್ದಿನಲ್ಲಿ ಮುದುಕಿಗೇನು ಕೇಳೀತು ಅಂದುಕೊಂಡಿದ್ದಳು.

ತಾತ ಎದ್ದರು, ಕೂತರು, ಮತ್ತೆ ಎದ್ದರು. ಒಂಬತ್ತೂವರೆ. ಮಹಾಯುದ್ಧ ಮುಗಿದರೂ ಊರಿಗಿನ್ನೂ ಪೆಟ್ರೋಲಿಲ್ಲ. ಇದ್ದಿಲು ಉರಿಸಿ ಓಡಿಸುವ ಬಸ್ಸಿನ ಹೊಗೆ ಆಗಲೇ ಬೀದಿಗೆ ಬಂದಿತ್ತು. ತಾವೇ ಚೊಂಬು ಹಿಡಿದು ಒಳಗೆ ಹೋದರು. ಪತ್ರೆ ಎಲ್ಲಿದೆ, ವಿಭೂತಿ ಎಲ್ಲಿದೆ, ಯಾವ ಬಟ್ಟಲು, ಒಂದೂ ಗೊತ್ತಿಲ್ಲ. ಪಾತ್ರೆಗಳನ್ನು ದಡಬಡ ಮಾಡಿ, ಸಿಡುಕುತ್ತ ಹೊರಗೆ ಬಂದು, ಟ್ರಂಕನ್ನು ಕಾಲಲ್ಲಿ ಮುಂದಕ್ಕೆ ನೂಕಿದರು.

“ಓಗ್ಲಿ ತಗಾ. ಪರೀಕ್ಷೆ ಮುಗಿದ ಸಂಜೇನೇ ಬಂದ್ಬುಡಬೇಕು. ಸೋಮವಾರ ಅವ್ರು ಬತ್ತಾರೆ.”

“ಸೋಮವಾರದ ಮಾತ್ನೂ ಮೂವರೂ ಕೂತೇ ಆಡಾನ,” ಅಂದಳು ಅಜ್ಜಿ. ಮಣೆ ಹಾಕಿ, ನೀರಿಟ್ಟು, ಸೆರಗು ಹೊದ್ದು ಮೊಮ್ಮಗಳ ಜೊತೆ ಹೊರಟಳು.

ಬಸ್ಸಿನ ಕಿಟಕಿಯಿಂದ ಪ್ರೇಮಕುಮಾರಿ ನಗುತ್ತ ಕಣ್ಣೊರೆಸಿಕೊಂಡಳು. “ಅಜ್ಜೀ, ನಿಂಗೆ ಇಷ್ಟು ಧೈರ್ಯ ಎಲ್ಲಿತ್ತೇ?”

ಅಜ್ಜಿ ನಗಲಿಲ್ಲ. ರೊಟ್ಟಿ ಗಂಟನ್ನು ಕಿಟಕಿಯೊಳಗೆ ತೂರಿಸಿ, ಮೊಮ್ಮಗಳ ಕೈಯನ್ನು ಬಿಡದೆ ಹಿಡಿದುಕೊಂಡಳು.

“ಐವತ್ತು ವರ್ಷ ದಿನಾ ನೀರಿಟ್ಟೆ. ಇಡಾಕಿಲ್ಲ ಅನ್ನಬೌದು ಅಂತ ಗೊತ್ತಿರ್ನಿಲ್ಲ ಕಣವ್ವ. ಗೊತ್ತಿದ್ದಿದ್ರೆ ನಿಮ್ಮವ್ವನ್ನ ಸ್ಕೂಲು ಬುಡಿಸಾಕೆ ಬುಡ್ತಿದ್ನಾ?”