ಚಳಿಗಾಲದ ಓಟಗಾರರು

ಅಣ್ಣನ ಸೆಟೆದ ಕೈಯನ್ನು ಓಟದ ಜಾಕೆಟ್ಟಿನ ತೋಳಿಗೆ ತೂರಿಸಲು ಮೈದುನ ಒದ್ದಾಡುತ್ತಿದ್ದ. ಅವಳು ಗೋಡೆಗೊರಗಿ ನೋಡುತ್ತಿದ್ದಳೇ ಹೊರತು ಕೈ ಜೋಡಿಸಲಿಲ್ಲ. ಜಾಕೆಟ್ಟು ಹೊಲಿದವಳು ಅವಳೇ. ಗಂಡ ನಿದ್ದೆಯಲ್ಲೇ ಹೋಗಿದ್ದ, ಅದಕ್ಕೂ ಮೈ ನೋಯಿಸಿಕೊಂಡಿರಲಿಲ್ಲ.

"ಇದ್ಯಾಕೀಗ? ಬಿಳಿ ಶರ್ಟು ಇಸ್ತ್ರಿ ಮಾಡಿಟ್ಟಿದೀನಲ್ಲ."

"ಅತ್ತಿಗೆ, ಚಳಿಗಾಲವೆಲ್ಲ ಓಡಿದ ಮನುಷ್ಯ. ಹೀಗೇ ಹೋಗ್ಲಿ. ಅವನ ಬಳಗದೋರು ವ್ಯಾನಿನ ಹಿಂದೆ ಸ್ಮಶಾನದವರೆಗೂ ಓಡ್ತಾರೆ. ನಾನೇ ಹೇಳಿದೀನಿ. ಊರೇ ನೋಡ್ಲಿ."

ಅವಳಿಗೆ ಮೈಯೆಲ್ಲ ಉರಿಯಿತು. ಬದುಕಿದ್ದಾಗ ಆಡಿದ ನಾಟಕ ಸಾಲದೆಂದು ಸತ್ತ ಮೇಲೂ ಮೆರವಣಿಗೆಯೇ ಈ ಮಹಾಶಯನಿಗೆ! ತಾನು ಬಾಯಿ ಬಿಟ್ಟರೆ ಎಲ್ಲ ಬಯಲಾಗುತ್ತದೆ. ಇವತ್ತು ಹೇಳಿಯೇಬಿಡುತ್ತೇನೆ ಎಂದುಕೊಂಡಳು.

*

ಚಳಿ ಇನ್ನೂ ಕಾಲಿಡುವ ಮೊದಲೇ ಅವನ ಸಿದ್ಧತೆ ಶುರುವಾಗುತ್ತಿತ್ತು. ಬಸ್ ಡಿಪೋದಲ್ಲಿ ಟಿಕೆಟ್ ಲೆಕ್ಕ ಬರೆಯುವ ಗುಮಾಸ್ತನಿಗೆ ಓಟದ ಬಗ್ಗೆ ಎಂಥ ಪಾಂಡಿತ್ಯ! ಒಳಂಗಿ ಬೆವರನ್ನು ಹೊರಹಾಕಬೇಕಂತೆ, ನಡುವಿನದು ಬೆಚ್ಚಗಿಡಬೇಕಂತೆ, ಮೇಲಿನದು ಗಾಳಿ ತಡೆಯಬೇಕಂತೆ. ಕತ್ತಲಲ್ಲಿ ಲಾರಿಯವರಿಗೆ ಕಾಣಲು ಬೆನ್ನಿಗೊಂದು ಹೊಳೆಯುವ ಪಟ್ಟಿ ಬೇರೆ. ನಸುಕಿನಲ್ಲೇ ಮದುಮಗನಂತೆ ಸಿಂಗರಿಸಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದ.

"ನೀನೂ ಬಾರೆ."

"ನಂಗೆ ಬೇರೆ ಕೆಲ್ಸ ಇದೆ."

ಮೊದಲ ಚಳಿಗಾಲದಲ್ಲೇ ಅವನ ಬಟ್ಟೆ ಒಗೆಯುವ ಅವಳಿಗೆ ಗೊತ್ತಾಗಿಹೋಯಿತು. ಕಂಕುಳಲ್ಲಿ ಬೆವರಿಲ್ಲ, ಶೂಗಳ ಅಟ್ಟೆ ಸವೆದಿಲ್ಲ. ಆಸಾಮಿ ಹೊರಟ ಬಸ್ಸಿನ ಹಿಂದೆಯೂ ಓಡಿದವನಲ್ಲ! ಜೊತೆಗೊಂದು ಬಳಗ ಕಟ್ಟಿಕೊಂಡು ಅವರಿಗೆಲ್ಲ ಉಪದೇಶ. ಪಾಪ, ಅವರು ಓಡುತ್ತಾರೆ, ಇವನು ಎಲ್ಲೋ ಕೂತು ಹೊತ್ತು ಕಳೆಯುತ್ತಾನೆ ಎಂದೇ ಅವಳು ತಿಳಿದಿದ್ದಳು. ಮಾನ ಹೋಗುವುದು ತನ್ನದೂ ಹೌದಲ್ಲ ಎಂದು ಸುಮ್ಮನಿದ್ದಳು.

*

ಬಳಗ ಬಂತು. ಹೊಟ್ಟೆ ಹೊತ್ತ ಕಂಡಕ್ಟರು, ಮಂಡಿನೋವಿನ ಟೀಚರಮ್ಮ, ಇನ್ನಿಬ್ಬರು. ಅಡಿಯಿಂದ ಮುಡಿಯವರೆಗೆ ಓಟಗಾರರೇ. ಕಂಡಕ್ಟರು ಅವಳನ್ನು ಅಡುಗೆಮನೆಗೆ ಕರೆದ.

"ಅಕ್ಕಾ, ನಿಮ್ ಮೈದುನಂಗೆ ಹೇಳಿ. ನಮ್ ಕೈಲಾಗಲ್ಲ."

"ಏನಾಗಲ್ಲ?"

"ಓಡೋಕೆ." ಅವನು ತಲೆ ತಗ್ಗಿಸಿದ. "ನಾವ್ಯಾರೂ ಯಾವತ್ತೂ ಓಡಿಲ್ಲ. ಎಲ್ಲಾ ಹಾಕ್ಕೊಂಡು ಡಿಪೋ ಹಿಂದಿನ ಕಟ್ಟೆ ಮೇಲೆ ಚಹಾ ಕುಡೀತಾ ಕೂರ್ತಿದ್ವಿ. ಅಣ್ಣ ದಿನಾ ನಾಳೆ ಓಡೋಣ ಅಂತಿದ್ರು. ಹೆಂಡತಿ ಹೋದ್ಮೇಲೆ ನಾನು ಹಾಸಿಗೆ ಬಿಟ್ಟು ಏಳ್ತಿದ್ದಿದ್ದೇ ಅದಕ್ಕೆ ಅಕ್ಕಾ."

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. ಒಬ್ಬ ಮೈಗಳ್ಳನನ್ನು ಕಟ್ಟಿಕೊಂಡೆ ಅಂದುಕೊಂಡಿದ್ದರೆ, ಇಲ್ಲಿ ಒಂದು ಸಂಘವೇ ಇದೆ! ಹಲ್ಲು ಕಚ್ಚಿ ಕಾಪಾಡಿದ ಗುಟ್ಟು ದಿನಾ ಕಟ್ಟೆಯ ಮೇಲೆ ಕೂತು ಹರಟೆ ಹೊಡೆಯುತ್ತಿತ್ತು. ನಗು ಬರಬೇಕಿತ್ತು. ಬಂದದ್ದು ಹೊಟ್ಟೆಕಿಚ್ಚು.

"ಹಾಕ್ಕೊಂಡಿದೀರಲ್ಲ," ಎಂದಳು. "ಇವತ್ತಾದ್ರೂ ಓಡಿ."

ವ್ಯಾನು ಹೊರಟಿತು. ಅವಳು ಹಿಂಬದಿಯ ಗಾಜಿನಿಂದ ನೋಡುತ್ತ ಕೂತಳು. ಮೊದಲ ತಿರುವಿಗೇ ಟೀಚರಮ್ಮ ಕುಂಟತೊಡಗಿದಳು. ಪೆಟ್ರೋಲ್ ಬಂಕಿನ ಹತ್ತಿರ ಕಂಡಕ್ಟರು ಫುಟ್‌ಪಾತಿನ ಮೇಲೆ ಕುಸಿದ, ಅದೇ ನೆಪವೆಂಬಂತೆ ಉಳಿದವರೂ ಕುಸಿದರು.

"ಥೂ, ಮಾನಗೆಟ್ಟೋರು!" ಎಂದ ಮೈದುನ. "ನಮ್ಮಣ್ಣನ ಶಿಷ್ಯರಂತೆ ಇವರು! ಅವನ ಕಾಲಿನ ಧೂಳಿಗೂ ಸಮ ಇಲ್ಲ. ಅಲ್ವಾ ಅತ್ತಿಗೆ?"

ಮಾತು ನಾಲಿಗೆಯ ತುದಿಗೆ ಬಂತು. ಅವಳು ನುಂಗಿಕೊಂಡಳು.

"ಡ್ರೈವರ್, ನಿಲ್ಸಿ."

ಇಳಿದು ಹಿಂದಕ್ಕೆ ನಡೆದಳು. ಅವಳನ್ನು ಕಂಡು ಅವರು ಏಳಲು ಹವಣಿಸಿದರು.

"ಕೂತ್ಕೊಳ್ಳಿ, ಎದ್ದು ಕಡಿದು ಗುಡ್ಡೆ ಹಾಕೋದು ಕಾಣ್ತಿದೆ. ನಿಮ್ ನಡುವೆ ಅವರೆಲ್ಲಿ ಕೂರ್ತಿದ್ರು?"

ಟೀಚರಮ್ಮ ಏದುಸಿರು ಬಿಡುತ್ತಲೇ ಕಂಡಕ್ಟರನತ್ತ ನೋಡಿದಳು. ಇಬ್ಬರೂ ಅತ್ತಿತ್ತ ಸರಿದು ನಡುವೆ ಜಾಗ ಬಿಟ್ಟರು. ಅವಳು ಕೂತಳು. ಯಾರೋ ಬೆನ್ನಚೀಲದಿಂದ ಫ್ಲಾಸ್ಕು ತೆಗೆದು ಚಹಾ ಬಗ್ಗಿಸಿ ಕೈಗಿಟ್ಟರು.

"ಇದೇನು, ಕಲಗಚ್ಚು," ಎಂದು ಇನ್ನೊಂದು ಗುಟುಕು ಕುಡಿದಳು.

ಮುಂದೆ ವ್ಯಾನು ಹಿಂಬಾಗಿಲು ತೆರೆದುಕೊಂಡೇ ನಿಂತಿತ್ತು. ಅಲ್ಲಿಂದ ಅವರತ್ತ, ಎರಡೂ ಕೈ ಬೀಸುತ್ತ, ಕೂಗುತ್ತ, ಮೈದುನನೊಬ್ಬನೇ ಓಡಿ ಬರುತ್ತಿದ್ದ.