ಭೋಂಗಾದ ಮೌಲಾ

“ಲೇ ಸಾಬಾ, ಮ್ಯಾಲ ಗೂಡು ಕಟ್ಟಾಕತ್ತೀಯೇನಲೇ ಬೋಳಿಮಗನ? ಬೀಗರು ಊರ ಅಗಸಿ ಬಾಗಲಕ್ಕ ಬಂದು ನಿಂತಾರ, ನಿನ್ನ ಭೋಂಗಾ ಇನ್ನಾ ಬಾಯಿ ಬಿಟ್ಟಿಲ್ಲ!”

ಬೇವಿನ ಮರದ ತುದಿಯಲ್ಲಿ ಕಾಲು ಇಳಿಬಿಟ್ಟು ಲೌಡ್‌ಸ್ಪೀಕರಿನ ಭೋಂಗಾ ಬಿಗಿಯುತ್ತಿದ್ದ ಅಂಬಪ್ಪ, ಕೆಳಗೆ ನಿಂತು ಒದರುತ್ತಿದ್ದ ಗೌಡರ ಮಗನಿಗೆ “ಆತ್ರೀ ಧಣೇರ, ಒಂದ ಗಂಟು ಉಳದೈತ್ರಿ” ಎಂದ. ಬೈಸಿಕೊಂಡರೂ ಅವನಿಗೆ ಒಳಗೊಳಗೇ ಹಿಗ್ಗು. ಹುಟ್ಟಿದಾಗಿನಿಂದ ಅವನಿಗೆ ಬಿದ್ದ ಬೈಗುಳಗಳಲ್ಲಿ ಮೊದಲು ಜಾತಿ, ಆಮೇಲೆ ತಾಯಿ ಬರುತ್ತಿದ್ದಳು. ಈ ಹಂಗಾಮಿನಲ್ಲಿ ಬರೀ ತಾಯಿಯೊಬ್ಬಳೇ. ಬೈಗುಳದಲ್ಲೂ ಮನುಷ್ಯನಿಗೆ ಬಡ್ತಿ ಸಿಗುತ್ತದೆ ಎಂದುಕೊಳ್ಳುತ್ತಾ ಹಗ್ಗ ಜಗ್ಗಿದ.

ಅವನು ತುರ್ವಿಹಾಳದ ಮಾದಿಗರ ಕೇರಿಯವನು. ಅವನಪ್ಪ ಊರಿನ ಮದುವೆಗಳಲ್ಲಿ ಹಲಗೆ ಬಾರಿಸಿ, ಉಂಡವರು ಎದ್ದ ಮೇಲೆ ಎಲೆಯಲ್ಲಿ ಉಳಿದದ್ದನ್ನು ಸೆರಗು ಹರವಿದಂತೆ ಟವೆಲು ಹರವಿ ತರುತ್ತಿದ್ದವನು. ಕಾಲುವೆಗೆ ನೀರು ಬಂತು, ಎರೆ ಹೊಲ ಗದ್ದೆಯಾಯಿತು, ಗೌಡರ ಕೈಯಲ್ಲಿ ಭತ್ತದ ದುಡ್ಡು ಓಡಾಡಿತು. ಹಲಗೆ ಯಾರಿಗೂ ಬೇಡವಾಯಿತು. ಮದುವೆಗೆ ಭೋಂಗಾ ಬೇಕು, ಗ್ರಾಮಫೋನಿನ ಪ್ಲೇಟು ಬೇಕು, ಸಿನಿಮಾ ಹಾಡು ಬೇಕು. ಸಿಂಧನೂರಿನ ಬಸ್‌ಸ್ಟ್ಯಾಂಡಿನ ಹಿಂದೆ ಮಕ್ತುಮ್‌ಸಾಬ್ ಲೌಡ್‌ಸ್ಪೀಕರಿನ ಅಂಗಡಿ ಇಟ್ಟ. ಬ್ಯಾಟರಿ ಹೊರಲು ಸೇರಿದ ಅಂಬಪ್ಪ ನೋಡನೋಡುತ್ತಲೇ ಸೂಜಿ ಬದಲಿಸುವುದು, ಪ್ಲೇಟು ತಿರುಗಿಸುವುದು, ಮೈಕಿನಲ್ಲಿ ‘ಹಲೋ ಹಲೋ’ ಎನ್ನುವುದು ಎಲ್ಲ ಕಲಿತ. ಟೆರಿಲಿನ್ ಅಂಗಿ ಹೊಲಿಸಿದ. ಕನ್ನಡಿಯಲ್ಲಿ ನೋಡಿಕೊಂಡರೆ ಅವನಿಗೇ ಎದ್ದು ನಿಂತು ನಮಸ್ಕಾರ ಮಾಡಬೇಕು ಅನ್ನಿಸುತ್ತಿತ್ತು.

ಆದರೆ ಮಸ್ಕಿ ಕಡೆಯ ಒಂದು ಮದುವೆಯಲ್ಲಿ ಬಾಗಿಲಲ್ಲೇ ತಡೆದರು.

“ಇಂವ ಯಾರ ಪೈಕಿ?”

ಮಕ್ತುಮ್‌ಸಾಬ್ ಕಣ್ಣು ಮಿಟುಕಿಸಲಿಲ್ಲ. “ನಮ್ಮ ತಂಗಿ ಮಗ ಐತ್ರಿ, ಮೌಲಾಹುಸೇನ” ಎಂದವನೇ ತನ್ನ ತಲೆಯ ಟೋಪಿ ತೆಗೆದು ಅಂಬಪ್ಪನ ತಲೆಗೆ ಇಟ್ಟ. ಬಾಗಿಲು ತೆರೆಯಿತು. ಒಳಗೆ ಚಹ ಕೊಟ್ಟರು. ಸಾಬರಿಗೆಂದೇ ಮಾಡಿನ ಸಂದಿಯಲ್ಲಿ ಇಟ್ಟಿದ್ದ ಕಿವಿ ಮುರಿದ ಕಪ್ಪು ಅದು. ತಾನೇ ತೊಳೆದು ಅಲ್ಲೇ ಇಡಬೇಕು. ಊರ ಹೋಟೆಲಿನ ಹಿಂದೆ ನಿಂತು ತೆಂಗಿನ ಚಿಪ್ಪಿಗೆ ಮೇಲಿಂದ ಹೊಯ್ಸಿಕೊಂಡು ಕುಡಿದವನಿಗೆ ಕಿವಿ ಮುರಿದ ಕಪ್ಪು ಕಡಿಮೆಯೇ? ಚಿಪ್ಪಿನಿಂದ ಕಪ್ಪಿಗೆ ಬಂದೆ, ಇನ್ನೆರಡು ಜನ್ಮ ತಡೆದರೆ ಲೋಟಕ್ಕೆ ಹೋಗುತ್ತೇನೆ ಎಂದು ನಕ್ಕ.

ಅಂದಿನಿಂದ ಅವನು ಮೌಲಾ. ಬೇಸಿಗೆಯ ಮದುವೆ ಸುಗ್ಗಿಯಲ್ಲಿ ಇವತ್ತು ಲಿಂಗಸುಗೂರು, ನಾಳೆ ಕಾಲುವೆ ಕ್ಯಾಂಪು. ಬಸ್ಸಿನ ಮೇಲೆ ಭೋಂಗಾ ಅಪ್ಪಿಕೊಂಡೇ ನಿದ್ದೆ. ಕಾಲುವೆ ನೀರಿಗೆಂದು ಬಂದು ನೆಲೆಸಿದ ತೆಲುಗರ ಕ್ಯಾಂಪಿನಲ್ಲಿ ಒಮ್ಮೆ ನಿದ್ದೆಗಣ್ಣಲ್ಲಿ, ಇನ್ನೂ ತಾಳಿ ಕಟ್ಟುವ ಮೊದಲೇ, ಮಗಳನ್ನು ಗಂಡನ ಮನೆಗೆ ಕಳಿಸುವ ಅಳುವ ಹಾಡು ಹಚ್ಚಿಬಿಟ್ಟ. ಹೆಣ್ಣಿನ ತಾಯಿ ಗೊಳೋ ಎಂದು ಅತ್ತಳು. ಬೈಯಲು ಬಂದ ಬೀಗರೂ ಅತ್ತರು. ಅಳಿಸಿದವನು ನಾನಲ್ಲ, ಪ್ಲೇಟು ಎಂದು ಗೊತ್ತಿದ್ದೂ ಅಂಬಪ್ಪ ಅವತ್ತು ಎದೆಯುಬ್ಬಿಸಿ ಓಡಾಡಿದ. ಹಟ್ಟಿ ಚಿನ್ನದ ಗಣಿಯ ಕಂಪನಿ ಮನೆಗಳಲ್ಲಿ ಮಾತ್ರ, ಗಣಿಯಿಂದ ಮೇಲೆ ಬಂದವರು “ಬಾರಪ್ಪಾ, ಕುಂದ್ರು” ಎಂದು ಪಂಕ್ತಿಗೆ ಕರೆದರು. ಹೆಸರೂ ಕೇಳಲಿಲ್ಲ. ಅಷ್ಟು ಚಂದದ ಸುಳ್ಳು ದಂಡವಾಯಿತಲ್ಲ ಎಂದು ಅವನಿಗೆ ಬೇಸರವೇ ಆಯಿತು.

ಪಾಮನಕಲ್ಲೂರಿನ ಅಮರೇಗೌಡರ ಮಗಳ ಮದುವೆ ಗೊತ್ತಾದಾಗ ಮಾತ್ರ ಅವನು ತಲೆ ಕೆರೆದುಕೊಂಡ.

“ಚಾಚಾ, ಆ ಊರ ಕೇರ್ಯಾಗ ನಮ್ಮಕ್ಕನ್ನ ಕೊಟ್ಟೈತಿ. ಗುರ್ತಾ ಹಿಡದ್ರ?”

ಮಕ್ತುಮ್‌ಸಾಬ್ ಬೀಡಿ ಆರಿಸಿದ. “ಅಕ್ಕ ಹಂದರದ ಒಳಗ ಬರಂಗಿಲ್ಲ. ಹಂದರ ಬಿಟ್ಟು ನೀ ಹೊರಗ ಹೋಗಂಗಿಲ್ಲ. ಮತ್ತ್ಯಾಕೋ ಚಿಂತಿ?”

ಮಾತು ಖರೆಯಿತ್ತು. ಅಂಬಪ್ಪ ಟೋಪಿ ಸರಿಮಾಡಿಕೊಂಡು, ಮಷೀನು ಹೊತ್ತು ಒಬ್ಬನೇ ಬಸ್ಸು ಹತ್ತಿದ.

ಈಗ ಅದೇ ಊರಲ್ಲಿ, ಗೌಡರ ಮಗನಿಂದ ಬೈಸಿಕೊಂಡು ಭೋಂಗಾ ಕಟ್ಟಿ ಮರದಿಂದ ಇಳಿದು, ಹಂದರದ ಮೂಲೆಯಲ್ಲಿ ಮಷೀನಿನ ಮುಂದೆ ಕುಳಿತು “ಹಲೋ ಹಲೋ” ಎಂದ. ಸ್ವಲ್ಪ ಹೊತ್ತಿಗೆ ಹಿತ್ತಲ ಬೇಲಿಯ ಕಡೆಯಿಂದ ಒಂದು ದನಿ ಕೇಳಿತು.

“ಅಂಬ್ಯಾ! ಏ ತಮ್ಮಾ! ನಿನ್ನ ದನೀ ಕೇಳೇ ಓಡಿ ಬಂದ್ನೆಪಾ!”

ಅಕ್ಕ ಯಮನಮ್ಮ. ಕಂಕುಳಲ್ಲಿ ಬುಟ್ಟಿ, ಹೊಟ್ಟೆಯಲ್ಲಿ ತುಂಬಿದ ಬಸಿರು. ಎಂಜಲೆಲೆ ಬಳಿಯಲು ಕೇರಿಯ ಹೆಂಗಸರ ಜೊತೆ ಬಂದಿದ್ದಳು. ಗೌಡರ ಕಡೆಯ ಇಬ್ಬರು ತಿರುಗಿ ನೋಡಿದರು. ಅಂಬಪ್ಪನ ಬಾಯಿಂದ ಅವನಿಗೇ ಗುರುತಿಲ್ಲದ ದನಿ ಬಂತು.

“ಯಾರ ಬೇ ನೀನು? ಯಾರ ತಮ್ಮ? ಆಕಡಿ ಹೋಗು!”

ಅವಳು ಅವನ ಮುಖ ನೋಡಿದಳು. ಟೋಪಿ ನೋಡಿದಳು. ಸೆರಗು ಎಳೆದುಕೊಂಡಳು.

“ತಪ್ಪಾತ್ರೀ ಸಾಬ್ರ. ನಮ್ಮ ತಮ್ಮನಂಗ ಕಂಡ್ರಿ” ಎಂದು ಬುಟ್ಟಿ ಎತ್ತಿಕೊಂಡು ದೂರ ಹೋದಳು.

ಅವಳು ಅಷ್ಟು ಚೆನ್ನಾಗಿ ನಟಿಸಬಲ್ಲಳು ಎಂದು ಅವನಿಗೆ ಗೊತ್ತಿರಲಿಲ್ಲ. ಮನೆತನದಲ್ಲೇ ಬಂದ ಕಸುಬು ಇರಬೇಕು ಎಂದು ತನ್ನನ್ನು ತಾನೇ ನಗಿಸಲು ನೋಡಿದ. ನಗು ಬರಲಿಲ್ಲ. ಪ್ಲೇಟಿನ ದನಿ ಏರಿಸಿದ.

ಅಷ್ಟರಲ್ಲಿ ಮದುವೆ ಮಾಡಿಸುವ ಐನೋರು ಮೈಕು ಬೇಕೆಂದರು. ಮೊದಲು ಅದಕ್ಕೆ ಹೆದರಿದ್ದ ಐನೋರು ತಮ್ಮ ದನಿ ಬೇವಿನ ಮರದಿಂದ ತಿರುಗಿ ಬಂದದ್ದೇ ತಡ, ಮೈಕು ಬಿಡಲೊಲ್ಲರು. ಕೈಯಲ್ಲಿ ಪೂಜೆಯ ಕೆಲಸವಿದ್ದುದರಿಂದ ಅಂಬಪ್ಪನೇ ಅವರ ಪಕ್ಕ ನಿಂತು ಬಾಯಿಗೆ ಮೈಕು ಹಿಡಿಯಬೇಕಾಯಿತು. ಅವರ ತುಟಿ ಅದಕ್ಕೆ ತಾಗುತ್ತಿತ್ತು, ಉಗುಳು ಅಂಬಪ್ಪನ ಬೆರಳಿಗೆ ಸಿಡಿಯುತ್ತಿತ್ತು. ತಾಳಿ ಕಟ್ಟುವಾಗ ಜನ ಎಸೆದ ಅಕ್ಕಿಕಾಳು ಅವನ ಟೋಪಿಯ ಮೇಲೂ ಬಿದ್ದವು. ಮದುಮಗನಿಗಿಂತ ಹೆಚ್ಚು ಬೆವರಿದವನು ಅವನೇ.

ಊಟಕ್ಕೆ ಪಂಕ್ತಿ ಕೂತಿತು. ಹೊರಗೆ ಬಿಸಿಲು ಕಾದ ಹಂಚಾಗಿತ್ತು. ಉಂಡ ಎಲೆ ಹೊರಗೆ ಬೀಳುವುದನ್ನು ಕಾಯುತ್ತಾ ನಿಂತಿದ್ದ ಯಮನಮ್ಮನಿಗೆ ಕಣ್ಣು ಕತ್ತಲಿಟ್ಟಿತೋ ಏನೋ, ನಾಲ್ಕು ಹೆಜ್ಜೆ ಮುಂದೆ ಬಂದು ಹಂದರದ ಅಂಚಿನ ನೆರಳಲ್ಲಿ ಕಂಬ ಹಿಡಿದು ನಿಂತಳು. ಗೌಡರ ಮಗ ಕಂಡವನೇ ಕಾಲಿನ ಚಪ್ಪಲಿ ತೆಗೆದು ಬೀಸಿದ. ಅದು ಅವಳ ಭುಜಕ್ಕೆ ಬಡಿದು ಬುಟ್ಟಿಯೊಳಗೆ ಬಿತ್ತು.

“ಎಂಜಲಾ ತಿನ್ನೋ ರಂಡೇರಿಗೆ ನೆಳ್ಳ ಬ್ಯಾರೆ ಬೇಕೇನ! ಕಂಬಾ ಮುಟ್ಟೀಯಲ್ಲಬೇ, ಮೈಲಿಗಿ ಯಾರು ನಿಮ್ಮಪ್ಪ ತೊಳಿತಾನೇನ?”

ಬಸುರಿ ಎಂದು ಒಬ್ಬರೂ ಅನ್ನಲಿಲ್ಲ. ಪಂಕ್ತಿಯಲ್ಲಿ ಇನ್ನಷ್ಟು ಹುಗ್ಗಿ ಕೇಳುವವರು ಕೇಳಿದರು. ಗೌಡರ ಮಗ ಅಂಬಪ್ಪನ ಕಡೆ ತಿರುಗಿದ.

“ಲೇ ಮೌಲಾ, ಮೈಕಿನ್ಯಾಗ ಒದರು. ಎಲಿ ಬೀಳೋತನಾ ಕೇರಿ ಮಂದಿ ಹಂದರದ ನೆಳ್ಳಿಗೂ ಬರಬಾರ್ದು ಅಂತ.”

ಹಂಗಾಮಿನುದ್ದಕ್ಕೂ ಹೇಳಿದ್ದನ್ನೆಲ್ಲ ಒದರಿದ ಬಾಯಿ ಅದು. ರೂಢಿಯಂತೆ ಮೈಕಿಗೆ ಹೋಯಿತು.

“ಹಲೋ ಹಲೋ… ಎಲಿ ಬೀಳೋತನಾ ಕೇರಿ ಮಂದಿ ಹಂದರದ ನೆಳ್ಳಿಗೆ ಬರಬಾರ್ದು…”

ಮಾತು ಬೇವಿನ ಮರದಿಂದ ಹೊರಟು, ಗೌಡರ ವಾಡೆಯ ಗೋಡೆಗೆ ಬಡಿದು, ತಿರುಗಿ ಅವನ ಕಿವಿಗೇ ಬಂತು. ಹೊರಗಿದ್ದ ಹೆಂಗಸರೆಲ್ಲ ತಲೆಯೆತ್ತಿ ಭೋಂಗಾ ನೋಡಿದರು. ಯಮನಮ್ಮನೂ ಅವನ ಕಡೆ ನೋಡಲಿಲ್ಲ, ಭೋಂಗಾವನ್ನೇ ನೋಡಿದಳು. ಆಮೇಲೆ ಬುಟ್ಟಿಯಲ್ಲಿದ್ದ ಚಪ್ಪಲಿ ತೆಗೆದು, ಗೌಡರ ಮಗನಿಗೆ ಸಿಗುವಂತೆ ನೆಲದ ಮೇಲೆ ನೇರವಾಗಿ ಇಟ್ಟು, ಬಿಸಿಲಿಗೆ ಇಳಿದಳು.

“ಇನ್ನೊಮ್ಮೆ ಒದರಲೇ, ಜೋರ್ಲೆ!” ಎಂದ ಗೌಡರ ಮಗ.

ಅಂಬಪ್ಪ ಪ್ಲೇಟಿನಿಂದ ಸೂಜಿ ಎತ್ತಿದ. ಟೋಪಿ ತೆಗೆದು, ಮಕ್ತುಮ್‌ಸಾಬನ ಮೇಲಿನ ಗೌರವಕ್ಕೆ ಅದನ್ನು ಮಡಚಿ ಜೇಬಿನಲ್ಲಿಟ್ಟ. ಓಡಲು ಬೇಲಿಯ ಸಂದಿ ಎಲ್ಲಿದೆ ಎಂದು ಒಮ್ಮೆ ನೋಡಿಕೊಂಡ. ಶೂರರು ಓಡುವ ದಾರಿ ನೋಡಿಕೊಳ್ಳುವುದಿಲ್ಲವಂತೆ. ಹಾಗಾದರೆ ತಾನು ಶೂರನಲ್ಲ ಎಂದು ಖಾತ್ರಿಯಾಯಿತು.

“ಹಲೋ… ಊರ ದೈವಕ್ಕ, ಕೂಡಿದ ಮಂದಿಗೆಲ್ಲಾ ತಿಳಿಸೋದು ಏನಂದ್ರ, ಈ ಭೋಂಗಾ ಹಚ್ಚಿದಾಂವ ಮೌಲಾಹುಸೇನ ಅಲ್ರಿ. ನಾ ಅಂಬಪ್ಪ. ತುರ್ವಿಹಾಳದ ಮಾದಿಗರ ಅಂಬಪ್ಪ. ಈಗ ಚಪ್ಪಲಿ ಏಟು ತಿಂದಾಕಿ ನಮ್ಮಕ್ಕ ಯಮನಮ್ಮ. ಐನೋರು ಮಂತ್ರಾ ಹೇಳಿದ್ದು ನಾ ಹಿಡದ ಮೈಕಿನ್ಯಾಗ. ತಾಳಿ ಕಟ್ಟೂ ಮುಂದ ನಾ ಬಾಜೂಕ ನಿಂತಿದ್ದೆ, ಅಕ್ಕಿಕಾಳು ನನ್ನ ಮ್ಯಾಲೂ ಬಿದ್ದಾವ. ಮದಿವಿ ಚಲೋ ಆಗೇತ್ರಿ, ಯಾರಿಗೂ ಏನೂ ಆಗಿಲ್ಲ. ಕುಂತು ಉಣ್ರಿ… ಯಕ್ಕಾ, ನೀ ಬಿಸಲಾಗ ನಿಂದ್ರಬ್ಯಾಡ. ನೆಳ್ಳಿಗೆ ಬಾ.”

ಪಂಕ್ತಿಯಲ್ಲಿ ಕೈಗಳು ಬಾಯಿಯ ಹತ್ತಿರ ನಿಂತವು. ಐನೋರು ತುಟಿ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು, ಆಮೇಲೆ ಹಿತ್ತಲಿಗೆ ಓಡಿದರು. ಕೆಲವರು ಉಗುಳಿದರು. ಒಬ್ಬ ಮುದುಕ ಮಾತ್ರ ಸುತ್ತ ನೋಡಿ, ಬಾಯಲ್ಲಿದ್ದ ಹುಗ್ಗಿಯನ್ನು ಮೆಲ್ಲಗೆ ನುಂಗಿದ.

ಮೊದಲ ಏಟು ಗೌಡರ ಮಗನದು. ಆಮೇಲಿನವು ಯಾರವೆಂದು ತಿಳಿಯಲಿಲ್ಲ. ಕೆಳಗೆ ಬಿದ್ದ ಅಂಬಪ್ಪ ಮೈಕನ್ನು ಎದೆಗೆ ಅವುಚಿಕೊಂಡಿದ್ದ. ಬಿಡಿಸಲು ಬೆರಳು ತುಳಿದರೂ ಬಿಡಲಿಲ್ಲ. ಒಂದೊಂದು ಒದೆತವೂ ಮರದ ಮೇಲಿಂದ ಧಡ್ ಧಡ್ ಎಂದು ಕೇಳುತ್ತಿತ್ತು. ಗೌಡರ ಮನೆಯವರ ಸಂಸ್ಕಾರದ ಮಾತುಗಳೆಲ್ಲ ಒಂದೂ ಬಿಡದೆ ಬೀಗರ ಕಿವಿಗೆ, ಹೊಲದಲ್ಲಿದ್ದವರ ಕಿವಿಗೆ, ಆಚೆ ಕೇರಿಗೆ ಹೋಗುತ್ತಿದ್ದವು.

“ಆರಿಸ್ರಲೇ ಅದನ್ನ!” ಎಂದು ಅಮರೇಗೌಡರು ಕೂಗಿದ್ದೂ ಭೋಂಗಾದಲ್ಲೇ ಬಂತು.

ಆಗ ಹಂದರದೊಳಗೆ ಯಮನಮ್ಮ ನುಗ್ಗಿದಳು. ಕಾಲುಗಳ ನಡುವೆ ತೂರಿ, ತುಂಬಿದ ಹೊಟ್ಟೆಯನ್ನೇ ಮುಂದೆ ಮಾಡಿ ತಮ್ಮನ ಮೇಲೆ ಬಾಗಿದಳು. ಅವಳ ಬಾಯಿ ಮೈಕಿನ ಹತ್ತಿರ ಬಂದದ್ದು ಅವಳಿಗೆ ತಿಳಿದಿರಲಿಲ್ಲ.

“ಮುಟ್ರಿ ನೋಡೂನು! ಮುಟ್ರಿ, ನಿಮ್ಮ ಹೆಣಾ ಎತ್ತಲಿ! ನನ್ನ ತಮ್ಮ ಅದಾನ ಇಂವ, ನನ್ನ ತಮ್ಮ!”

ಬೇವಿನ ಮರವೇ ಚೀರಿದಂತಾಯಿತು. ಎತ್ತಿದ ಕಾಲುಗಳು ಒಂದು ಗಳಿಗೆ ಗಾಳಿಯಲ್ಲೇ ನಿಂತವು. ಬೇಲಿಯ ಹೊರಗಿದ್ದ ಹೆಂಗಸರು ಬುಟ್ಟಿಗಳನ್ನು ಕೆಳಗಿಟ್ಟರು. ಆಚೆ ಕೇರಿಯ ದಾರಿಯಲ್ಲಿ ಧೂಳು ಎದ್ದಿತ್ತು. ಕೇರಿಯವರು ಬಿಡಿಸಲು ಬರುತ್ತಿದ್ದರೋ, ಬರೀ ನೋಡಲು ಬರುತ್ತಿದ್ದರೋ, ಅಂಬಪ್ಪನ ಬಾತುಹೋಗುತ್ತಿದ್ದ ಕಣ್ಣಿಗೆ ಕಾಣಲಿಲ್ಲ. ಇಷ್ಟು ದಿನ ತನ್ನ ದನಿಯೇ ಚಂದವೆಂದು ಮೆರೆದೆನಲ್ಲ, ಅಕ್ಕನ ಮುಂದೆ ಅದು ಯಾವ ಲೆಕ್ಕ ಎಂದು ಅಂಬಪ್ಪನಿಗೆ ನಗು ಬಂತು. ಒಡೆದ ತುಟಿ ಅಲುಗಲಿಲ್ಲ. ಮೈಕನ್ನು ಅವಳ ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದ.